ಗಿಂಡಿಯ ನಗ್ಗು ಎಡಕ್ಕೋ ಬಲಕ್ಕೋ

ಕಂಡದ್ದನ್ನು ಕಂಡ ಹಾಗೆಯೇ ಕೆತ್ತುವ ಗಂಡನನ್ನು ಕಟ್ಟಿಕೊಂಡರೆ ಮನೆಯಲ್ಲಿ ಗೊಂದಲಕ್ಕೇನೂ ಬರವಿರುವುದಿಲ್ಲ. ನಮ್ಮವರು ಮದ್ರಾಸಿನಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತಿ ಕಾಗದಕ್ಕೆ ಅಚ್ಚು ತೆಗೆಯುವ ವಿದ್ಯೆ ಕಲಿತು, ರಾಯದುರ್ಗದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದರು. ಆ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಊರವರು ಹೇಳುತ್ತಿದ್ದರು. ಮನೆಯಲ್ಲಿ ನನ್ನ ಪಾಡು ಯಾರೂ ಕೇಳಲಿಲ್ಲ.

೧. ತಟ್ಟೆ

ಒಮ್ಮೆ ಪಡಸಾಲೆಯಲ್ಲಿ ಮಣೆ ಹಾಕಿ, ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ ಜೋಡಿಸಿದರು. ಪಕ್ಕಕ್ಕೆ ನನ್ನ ತವರಿನ ಹಿತ್ತಾಳೆ ಗಿಂಡಿ. ನೋಡಿ ಕೆತ್ತಿ ಮುಗಿಯುವವರೆಗೆ ಯಾರೂ ಮುಟ್ಟಬಾರದೆಂದು ಅಪ್ಪಣೆಯಾಯಿತು.

ಮೂರನೆಯ ದಿನ ಪಕ್ಕದ ಮನೆಯಾಕೆ ಇಣುಕಿ, “ಯಾರಿಗ್ರಿ ನಿಶ್ಚಯ?” ಎಂದಳು.

“ಯಾರಿಗೂ ಇಲ್ರಿ,” ಎಂದೆ. ನಮ್ಮ ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು.

ಆಕೆ ತಟ್ಟೆ ನೋಡಿದಳು, ಮಗುವನ್ನು ನೋಡಿದಳು. ಆಮೇಲೆ ನನ್ನ ಕೈ ಹಿಡಿದು, “ನಿಮ್ಮನಿಯವ್ರು ಇನ್ನೊಂದು ಮದಿವಿ ಆಗಾಕ ಹತ್ಯಾರೇನ್ರಿ?” ಎಂದಳು.

ಸಂಜೆಯೊಳಗೆ ಓಣಿಯ ಹೆಂಗಸರೆಲ್ಲ ಸಮಾಧಾನ ಹೇಳಲು ಬಂದರು. ಒಬ್ಬಾಕೆ ಸವತಿ ಯಾವ ಊರಿನವಳೆಂದೂ ಕೇಳಿದಳು. ಆ ರಾತ್ರಿ ಬಡಿಸುವಾಗ ನಾನೂ ಒಂದು ಸಲ ಗಂಡನ ಮುಖ ನೋಡಿಕೊಂಡೆ.

೨. ದೇವರಿಲ್ಲದ ಪಟ

ಅಂತೂ ಅಚ್ಚು ಬಂತು, ಗೋಡೆಗೆ ಪಟವೂ ಏರಿತು. ಬಟ್ಟೆ ಅಂಗಡಿಯ ಸಾಹುಕಾರರು ಬಂದು ಬಹಳ ಹೊತ್ತು ನೋಡಿದರು.

“ಭಾಳ ಚಂದ ಐತ್ರಿ ಮಾಸ್ತರ. ಕಾಯಿ, ಎಲಿ, ಗಿಂಡಿ ಎಲ್ಲಾ ಬಂದಾವ. ದೇವ್ರು ಯಾವಾಗ ಬರ್ತಾನ?”

“ದೇವ್ರು ಇಲ್ರಿ. ಚಿತ್ರ ಇಷ್ಟೇ.”

“ಹಂಗಾರ ಈ ಕಾಯಿ ಯಾರಿಗ್ರಿ?”

ಸಾಹುಕಾರರು ಯಾವುದಕ್ಕೂ ಇರಲಿ ಎಂದು ಗಿಂಡಿಗೇ ಕೈಮುಗಿದು ಹೋದರು.

೩. ನಗ್ಗು

ಆ ಗಿಂಡಿಯಿಂದಲೇ ನನ್ನ ಮದುವೆಯಲ್ಲಿ ಧಾರೆ ಎರೆದದ್ದು. ಚಿಕ್ಕಂದಿನಲ್ಲಿ ನಾನು ಅದನ್ನು ಬಾವಿಕಟ್ಟೆಗೆ ತಾಗಿಸಿ ನಗ್ಗಿಸಿದ್ದೆ. ಮೂತಿಯನ್ನು ನಮ್ಮ ಕಡೆ ತಿರುಗಿಸಿದರೆ ನಗ್ಗು ಬಲಕ್ಕೆ ಕಾಣುತ್ತಿತ್ತು. ಅದಕ್ಕಾಗಿ ನನ್ನ ಬೆನ್ನಿಗೆ ಬಿದ್ದ ಪೆಟ್ಟು ನನಗೂ ನೆನಪಿದೆ, ಅವ್ವನಿಗೂ ನೆನಪಿದೆ.

ಮಡಕಶಿರಾದಿಂದ ಬಂದ ಅವ್ವ ಪಟದ ಮುಂದೆ ನಿಂತವಳು ಅಲ್ಲೇ ಕೂತುಬಿಟ್ಟಳು.

“ಇದ್ರಲ್ಲಿ ನಗ್ಗು ಎಡಕ್ಕೈತೆ. ಇದು ನಮ್ ಗಿಂಡಿ ಅಲ್ಲ ಕಣೇ! ಧಾರೆ ಗಿಂಡೀನ ಏನ್ ಮಾಡಿದ್ರಿ?”

ಗಿಂಡಿ ಆ ಹೊತ್ತಿಗೆ ಕಲಾಯಿಯವನ ಹತ್ತಿರವಿತ್ತು. ನಾನು ಹಾಗೆಂದರೆ ಅವ್ವ ನಂಬಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

“ಅತ್ತಿ, ಅಚ್ಚೊತ್ತಿದ್ರ ಎಡ ಬಲ ಆಗ್ತದ್ರಿ,” ಎಂದು ನಮ್ಮವರು ಪಟ ಇಳಿಸಿ ಕನ್ನಡಿಗೆ ಹಿಡಿದರು. ಕನ್ನಡಿಯಲ್ಲಿ ನಗ್ಗು ಸರಿಯಾಗಿ ಬಲಕ್ಕೆ ಬಂತು.

ಅವ್ವನ ಮುಖ ಅರಳಿತು. “ಹಾಂ, ಒಳಗಿರೋದು ನಮ್ದು. ಅದನ್ನ ತೆಗೆದು ಕೊಡಿ.”

ಅಷ್ಟರಲ್ಲಿ ದೇವರು ಕಳಿಸಿದಂತೆ ಕಲಾಯಿಯವನು ಬಾಗಿಲಿಗೆ ಬಂದ. ನಾನು ಗಿಂಡಿ ಕಿತ್ತುಕೊಂಡು ಅವ್ವನ ಮಡಿಲಿಗೇ ಹಾಕಿದೆ.

“ಕಲಾಯಿ ಹಾಕಿ ನಗ್ಗೂ ತೆಗೆದೀನ್ರಿ ಅಮ್ಮಾರ. ಹೊಸಾದು ಕಂಡಂಗ ಕಾಣ್ತೈತಿ,” ಎಂದು ಹಲ್ಲು ಕಿರಿದ ಆತ.

ಅವ್ವ ಗಿಂಡಿಯನ್ನು ಸುತ್ತ ತಿರುಗಿಸಿ ನೋಡಿದಳು, ಬೆರಳಾಡಿಸಿ ನೋಡಿದಳು. ಆಮೇಲೆ ಅದನ್ನು ಪಕ್ಕಕ್ಕಿಟ್ಟು ನಮ್ಮವರ ಕೈಯಿಂದ ಪಟ ತೆಗೆದುಕೊಂಡು ಎದೆಗವಚಿಕೊಂಡಳು.

“ಇದನ್ನೇ ಕೊಡಿ ಅಳಿಯಂದ್ರೇ. ಇದ್ರಲ್ಲಿ ಎಡಕ್ಕಾದ್ರೂ ನಗ್ಗೈತೆ!”