ಬ್ರೇಕ್ ಇಲ್ಲದ ಕುದುರೆ, ಅಡ್ಡ ಬಂದ ಎಮ್ಮೆ

ಬಸ್ ಡ್ರೈವರ್ ಆದವನಿಗೆ ನಗೆಪಾಟಲಾಗುವ ಪ್ರಸಂಗಗಳು ದಾರಿಯಲ್ಲೇ ಸಿಗುತ್ತಿರುತ್ತವೆ. ರಜೆ ಹಾಕಿ ಬೆಟಗೇರಿಯ ಮನೆಯಲ್ಲಿ ಕೂತರೂ ಅವು ನನ್ನ ಬೆನ್ನು ಬಿಡಲಿಲ್ಲ.

ಗದಗ, ಮುಂಡರಗಿ, ಲಕ್ಷ್ಮೇಶ್ವರ ಅಂತ ಇಪ್ಪತ್ತೆರಡು ವರ್ಷ ಸ್ಟೇರಿಂಗ್ ತಿರುಗಿಸಿದವನು ನಾನು. ಒಂದು ಬೆಳಿಗ್ಗೆ ಹರ್ತಿ ಕಡೆ ಹೋಗುವಾಗ ಎಮ್ಮೆಯೊಂದು ದಿಢೀರನೆ ಅಡ್ಡ ಬಂತು. ಬ್ರೇಕ್ ತುಳಿದೆ. ಎಮ್ಮೆ ಉಳಿಯಿತು, ಮಂದಿಯೂ ಉಳಿದರು. ನನ್ನ ಹಿಂದಿನ ಸೀಟಿನ ಮುದುಕಿಯ ತತ್ತಿ ಬುಟ್ಟಿ ಮಾತ್ರ ಹಾರಿ ಬಂದು ನನ್ನ ತಲೆಯ ಮೇಲೆ ಬಿದ್ದು, ಒಡೆದ ಮೊಟ್ಟೆಯ ಲೋಳೆ ಮುಖದ ತುಂಬ ಇಳಿಯಿತು. ಬಸ್ಸಿಗೆ ಬಸ್ಸೇ ನಕ್ಕಿತು, ನಾನೂ ನಕ್ಕೆ. ಆದರೆ ಮರುದಿನ ಸ್ಟೇರಿಂಗ್ ಹಿಡಿದರೆ ಕೈ ನಡುಗತೊಡಗಿತು. ದಿನ ಕಳೆದರೂ ನಿಲ್ಲಲಿಲ್ಲ. ಡಿಪೋದ ಸಾಹೇಬರು, "ಒಂದ್ ತಿಂಗಳ ರಜಾ ತಗೊ. ಬಂದಮ್ಯಾಲೆ ಗಾಡಿ ಹೊಡಿಸಿ ನೋಡ್ತೀವಿ. ಆಗಲಿಲ್ಲಂದ್ರ ಗೇಟಿನ ಕೆಲಸ ಕೊಡ್ತೀವಿ," ಅಂದರು.

ಗೇಟಿನಲ್ಲಿ ಕೂತು ಬೇರೆಯವರು ಬಸ್ಸು ತೆಗೆದುಕೊಂಡು ಹೋಗುವುದನ್ನು ನೋಡುವುದೇ? ಆ ಹೆದರಿಕೆಗೆ ಊಟ ರುಚಿಸಲಿಲ್ಲ, ಚಹಾ ಲೋಟ ಹಿಡಿದರೆ ಅರ್ಧ ಚಹಾ ಕೆಳಗಿನ ಬಸಿ ತಟ್ಟೆಗೇ ಚೆಲ್ಲುತ್ತಿತ್ತು. ಕಾಲೇಜಿಗೆ ಹೋಗುವ ಮಗಳು ಇದನ್ನೆಲ್ಲ ನೋಡಿ, ತನ್ನ ವಿಡಿಯೋ ಗೇಮಿನ ಜಾಯ್‌ಸ್ಟಿಕ್ ತಂದು ನನ್ನ ಕೈಗಿಟ್ಟಳು.

"ಇದ್ರಾಗ ಎಷ್ಟ್ ಸಲ ಡಿಕ್ಕಿ ಹೊಡದ್ರೂ ಯಾರಿಗೂ ಏನೂ ಆಗೂದಿಲ್ಲಪ್ಪಾ. ಗಡಿಬಿಡಿ ಇಲ್ಲ, ನಿನಗ ತಿಳದಂಗ ಆಡು."

ರಿವರ್ಸ್ ಎಲ್ಲೈತಿ?

ಆಟವೆಂದರೆ ಒಂದು ದೊಡ್ಡ ದೇಶ. ಕಾಡು, ಗುಡ್ಡ, ಹೊಳೆ, ಎತ್ತ ಬೇಕಾದರೂ ಹೋಗಬಹುದು. ನಮಗೊಬ್ಬ ಕತ್ತಿ ಹಿಡಿದ ವೀರ, ಅವನಿಗೊಂದು ಕುದುರೆ. ಹಾಳುಬಿದ್ದ ಬಾವಿಯ ಹತ್ತಿರ ಒಂದು ಬೆಂಕಿ ಉರಿಯುತ್ತಿರುತ್ತದೆ. ಎಲ್ಲಿ ಸತ್ತರೂ ವೀರ ಆ ಬೆಂಕಿಯ ಬಳಿ ಮತ್ತೆ ಎದ್ದು ಕೂಡುತ್ತಾನೆ.

ಮೂರು ದಿನ ನಾನು ಆ ಬಾವಿ ಬಿಟ್ಟು ಕದಲಲಿಲ್ಲ. ಗಾಡಿ ಹೊರಗೆ ತೆಗೆಯುವ ಮುಂಚೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಟಯರು, ನೀರು, ಬ್ರೇಕು ನೋಡುವುದು ನನ್ನ ರೂಢಿ. ಕುದುರೆಯನ್ನೂ ಸುತ್ತಿದೆ.

"ಬ್ರೇಕ್ ಎಲ್ಲೈತಿ?"

"ಬ್ರೇಕ್ ಇಲ್ಲ. ಬೆರಳು ಬಿಟ್ರ ತಾನ ನಿಂದರತೈತಿ."

"ಹಾರ್ನ್?"

"ಇಲ್ಲಪ್ಪಾ."

"ರಿವರ್ಸ್?"

"ಅದೂ ಇಲ್ಲ. ಆದ್ರ ಏನಾರ ಮೈಮ್ಯಾಲೆ ಬಂತಂದ್ರ ಬಲಗೈ ಹೆಬ್ಬೆರಳಲೆ ಈ ಗುಂಡಿ ಒತ್ತು. ನಿನ್ನ ವೀರ ನೆಲಕ್ಕ ಬಿದ್ದು ಬಾಜೂಕ ಉಳ್ಳಾಡಿ ತಪ್ಪಿಸ್ಕೋತಾನ."

ನನಗೆ ಸಿಟ್ಟೇ ಬಂತು. "ಬ್ರೇಕ್ ಇಲ್ಲ, ಹಾರ್ನ್ ಇಲ್ಲ, ರಿವರ್ಸ್ ಇಲ್ಲ. ಇಂಥಾ ಗಾಡಿಗೆ ಪಾಸಿಂಗ್ ಕೊಟ್ಟ ಆರ್‌ಟಿಓದಾಂವ ಯಾಂವ?"

ಬುತ್ತಿ

ನಾಲ್ಕನೆಯ ದಿನ ಧೈರ್ಯ ಮಾಡಿ ಬಾವಿ ಬಿಟ್ಟೆ. ತೋಳ ಕಚ್ಚಿ ಸತ್ತೆ. ಎದ್ದೆ, ಹೊಳೆಗೆ ಬಿದ್ದು ಸತ್ತೆ. ಬೆನ್ನ ಹಿಂದೆ ಕೂತಿದ್ದ ಮಗಳು ಪ್ರತಿ ಸಲವೂ, "ಅಯ್ಯೋ, ಅಪ್ಪ ಸತ್ತ!" ಅಂತ ಚೀರುವಳು.

ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆಗಳು. ಪಕ್ಕದ ಮನೆಯ ಅಜ್ಜಿ ಇದನ್ನು ಕೇಳಿಸಿಕೊಂಡಿದ್ದಾಳೆ. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಪಾಪ, ತನ್ನ ಮನೆಯಲ್ಲಿದ್ದ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಓಣಿಯುದ್ದಕ್ಕೂ ಅಳುತ್ತಾ ಬಂದಳು. ಬಾಗಿಲಲ್ಲಿ ನಿಂತು ನೋಡಿದರೆ ನಾನು ಖುರ್ಚಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದೇನೆ!

ಮಗಳು ಗಾಬರಿಯಾಗಿ, "ಇಲ್ಲಬೇ ಅಜ್ಜಿ, ಆಟದಾಗ ಸತ್ತಾನ. ಇವತ್ತ ಒಂಬತ್ತ ಸಲ ಆತು," ಅಂದಳು.

ಅಜ್ಜಿ ಕಣ್ಣೊರೆಸಿಕೊಂಡು ಬುತ್ತಿಯನ್ನು ಮತ್ತೆ ಬಗಲಲ್ಲಿ ಇಟ್ಟುಕೊಂಡಳು. "ಅತ್ತಿದ್ದಂತೂ ದಂಡ ಆತು. ಪಲ್ಯೆ ಯಾಕ ದಂಡ ಮಾಡ್ಲಿ?" ಅಂತ ತಿರುಗಿ ಹೋದಳು.

ಕೈ ಮಾಡಿದವನು

ಎರಡನೆಯ ವಾರ ಕುದುರೆಯ ಮೇಲೆ ಕೂಡುವುದು ಬಂತು. ಕಾಡಿನ ದಾರಿ ಹಿಡಿದು ಎಡಗಡೆಯಿಂದಲೇ ಹೋಗುತ್ತಿದ್ದೆ. ಮುಂದೆ ಮರದ ಕೆಳಗೆ ಒಬ್ಬ ಕೈ ಎತ್ತಿ ನಿಂತಿದ್ದ. ನಮ್ಮ ಹಳ್ಳಿ ದಾರಿಗಳಲ್ಲಿ ಸ್ಟಾಪು ಗೀಪು ಯಾರು ನೋಡುತ್ತಾರೆ? ಕೈ ಮಾಡಿದಲ್ಲಿ ನಿಲ್ಲಿಸಬೇಕು. ನಿಲ್ಲಿಸಿದೆ.

ಅವನ ಎತ್ತಿದ ಕೈಯಲ್ಲಿ ಕೊಡಲಿ ಇತ್ತು. ಒಂದೇ ಏಟು, ನಾನು ಬೆಂಕಿಯ ಬಳಿ ಎದ್ದು ಕೂತೆ.

"ಕಳ್ಳ ಅದಾನಪ್ಪಾ ಅಂವ! ನಿಂದರಸಬ್ಯಾಡ, ಜೋರಾಗಿ ಹೋಗು," ಅಂದಳು ಮಗಳು. ಸರಿ ಅಂತ ಮತ್ತೆ ಹೊರಟೆ. ಅವನು ಮತ್ತೆ ಕೈ ಎತ್ತಿದ, ನನ್ನ ಬೆರಳು ತಾನಾಗಿಯೇ ಬಿಟ್ಟಿತು. ನಾಲ್ಕು ಸಲ ಸತ್ತೆ. ಐದನೆಯ ಸಲ ಮನಸ್ಸು ಗಟ್ಟಿಮಾಡಿ ನಿಲ್ಲಿಸದೆ ಹೋದೆನಾದರೂ ಜೀವ ಚುರುಕ್ ಅಂದಿತು.

"ಈಗ್ಯಾಕ ಸಪ್ಪಗಾದಿ?" ಅಂದಳು ಮಗಳು.

"ಪಾಪ, ಈ ದಾರ್ಯಾಗ ಇನ್ನೊಂದ್ ಗಾಡಿ ಯಾವಾಗ ಬರತೈತೊ ಏನೊ!"

ಸೈಡ್

ಕಾಡು ಮುಗಿದಲ್ಲಿ ಒಂದು ಸಣ್ಣ ಸೇತುವೆ. ಅದರ ಮೇಲೆ ಅತ್ತಿಂದಿತ್ತ ಅಡ್ಡಾಡುವ ರಾಕ್ಷಸ. ಮಗಳ ಗೆಳತಿಯರು ಅವನನ್ನು ಕೊಲ್ಲಲು ಹದಿನೈದು ದಿನ ಬಡಿದಾಡಿದ್ದರಂತೆ. ನಾನೂ ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ರಜೆಯ ಕೊನೆಯ ದಿನ ಬಂತು. ಮರುದಿನವೇ ಡಿಪೋಗೆ ಹೋಗಬೇಕು. ಬಡಿದಾಡುವ ಹುರುಪು ಉಳಿದಿರಲಿಲ್ಲ. ಸೇತುವೆಯ ಈಚೆ ಕುದುರೆಯನ್ನು ಪೂರಾ ಎಡಕ್ಕೆ ತಂದು ನಿಲ್ಲಿಸಿ, ಚಹಾ ಕುಡಿಯುತ್ತ ಸುಮ್ಮನೆ ಕೂತೆ.

ರಾಕ್ಷಸ ಧಡಧಡ ಬಂದ. ದಾರಿಗೆ ಅಡ್ಡ ಯಾರೂ ಇಲ್ಲದ್ದರಿಂದ ನಮ್ಮನ್ನು ಮುಟ್ಟದೆ, ಪಕ್ಕದಿಂದಲೇ ಹಾದು ಹಿಂದಿನ ಗುಡ್ಡದ ಕಡೆ ಹೋದ. ನಾನು ಲೋಟ ಕೆಳಗಿಟ್ಟು ನಿಧಾನವಾಗಿ ಸೇತುವೆ ದಾಟಿದೆ.

ಮಗಳ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಏನ್ ಮಾಡಿದ್ಯಪ್ಪಾ?"

"ಏನಿಲ್ಲ. ಅವಂದು ದೊಡ್ಡ ಗಾಡಿ. ಸೈಡ್ ಕೊಟ್ಟೆ."

ಆಮೇಲೆ ನೋಡಿದರೆ ಬಸಿಯಲ್ಲಿ ಚೆಲ್ಲಿದ ಚಹಾ ಒಂದು ಹನಿಯೂ ಇರಲಿಲ್ಲ.

ಅದೇ ದಾರಿ, ಅದೇ ಬುಟ್ಟಿ

ಡಿಪೋದ ಅಂಗಳದಲ್ಲಿ ಗಾಡಿ ಹೊಡೆದು ತೋರಿಸಿದೆ. ಕೈ ನಡುಗಲಿಲ್ಲ. ಸಾಹೇಬರು, "ಆತು, ಇವತ್ತ ಡ್ಯೂಟಿ ಮಾಡು. ಸಂಜಿಗೆ ನಿನ್ನ ಕಂಡಕ್ಟರ್ ಏನಂತಾನ ಕೇಳಿ ನೋಡ್ತೀನಿ," ಅಂದರು. ಕೊಟ್ಟಿದ್ದು ಅದೇ ದಾರಿ.

ಹತ್ತಿದವರಲ್ಲಿ ಅದೇ ಮುದುಕಿ, ಅದೇ ಬುಟ್ಟಿ. ಸೀಟಿನಲ್ಲಿ ನನ್ನನ್ನು ನೋಡಿದವಳೇ, "ಇಂವಾ?" ಅಂತ ಬಾಗಿಲಿಗೆ ತಿರುಗಿದಳು. ಕಂಡಕ್ಟರ್ ಹೇಗೋ ಸಮಾಧಾನ ಮಾಡಿ, ನನ್ನ ಹಿಂದಿನ ಸೀಟಿನಲ್ಲೇ ಕೂಡಿಸಿದ. ಅವಳು ಬುಟ್ಟಿಯನ್ನು ಸೆರಗಿನಿಂದ ಸುತ್ತಿ ಎದೆಗೆ ಅವುಚಿಕೊಂಡಳು.

ಹರ್ತಿ ಹತ್ತಿರ ಬಂದರೆ, ಮತ್ತೆ ಎಮ್ಮೆ! ದೂರದಲ್ಲೇ ಕಂಡೆ. ಪೂರಾ ಎಡಕ್ಕೆ ತಂದು ಮೆತ್ತಗೆ ನಿಲ್ಲಿಸಿ, ಅದು ದಾಟಲಿ ಅಂತ ಕಾದೆ. ಕಂಡಕ್ಟರ್ ಬಗ್ಗಿ ನನ್ನ ಬಲಗೈ ನೋಡಿದ. ಹೆಬ್ಬೆರಳು ಸ್ಟೇರಿಂಗನ್ನು ಟಕಟಕ ಒತ್ತುತ್ತಿತ್ತು.

"ಅದೇನ್ ಒತ್ತಾಕತ್ತೀರಿ ಅಣ್ಣಾರ?"

"ಉಳ್ಳಾಡಿ ತಪ್ಪಿಸ್ಕೊಳ್ಳೂ ಗುಂಡಿ," ಅಂದುಬಿಟ್ಟೆ.

"ಬ್ಯಾಡ್ರೀ ಅಣ್ಣಾರ! ಒಳಗ ಐವತ್ತ ಮಂದಿ ಅದಾರ!"

ಎಮ್ಮೆ ಬಾಲ ಬೀಸುತ್ತ ದಾಟಿತು. ನಾನು ಗೇರ್ ಹಾಕಿದೆ. ಮುಂದಿನ ಊರಿನಲ್ಲಿ ಮುದುಕಿ ಇಳಿದವಳು ಸುತ್ತಿ ನನ್ನ ಕಿಟಕಿಯ ಕೆಳಗೆ ಬಂದು ನಿಂತಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಬುಟ್ಟಿಯಿಂದ ಒಂದು ತತ್ತಿ ತೆಗೆದು ನನ್ನ ಕೈಗೆ ಕೊಟ್ಟಳು.

"ತಗೊ ತಮ್ಮಾ. ಹೋದ ಸಲ ಕೇಳದ ಎಲ್ಲಾ ತಲಿಗಿ ಹಚ್ಕೊಂಡಿದ್ದಿ. ಈ ಸಲ ಇದನ್ನ ಬಾಯಿಗಿ ಹಾಕ್ಕೊ."