ಹೊಸ್ತಿಲ ಕೆಳಗಿನ ಸಿಂಹ

ತನ್ನ ಸ್ವಂತ ಮನೆಯ ಹೊಸ್ತಿಲನ್ನು ಕಿತ್ತು ನೋಡುವ ಹಕ್ಕು ಒಬ್ಬ ಗಂಡಸಿಗೆ ಇಲ್ಲವೆಂದ ಮೇಲೆ ಈ ದೇಶಕ್ಕೆ ಸ್ವಾತಂತ್ರ್ಯ ಬಂದು ಏನು ಪ್ರಯೋಜನ? ಇದು ಕಟ್ಟೆಮಳಲವಾಡಿಯ ಮಹದೇವಪ್ಪನ ಅಳಲು.

ಅಳುವವನು ಸಾಮಾನ್ಯನಲ್ಲ. ಹೆಗಲ ಮೇಲೆ ಹಸಿರು ಟವಲು ಹಾಕಿಕೊಂಡು ಅರ್ಧ ಆಯುಷ್ಯ ರಸ್ತೆ ತಡೆ ಮಾಡಿದವನು. ಹುಣಸೂರು ಕಡೆ ಓಡಾಡುವ ಬಸ್ಸುಗಳೆಲ್ಲ ಒಂದಲ್ಲ ಒಂದು ದಿನ ಇವನ ಎದೆಯ ಮುಂದೆ ಬ್ರೇಕು ಹಾಕಿವೆ. ಲಾಠಿ ಏಟು ತಿಂದಿದ್ದಾನೆ, ಜೈಲಿನ ಮುದ್ದೆಯನ್ನೂ ತಿಂದಿದ್ದಾನೆ (ಮುದ್ದೆ ಕಲ್ಲು, ಸಾರು ಕೆರೆ ಎಂಬುದು ಅವನ ವಿಮರ್ಶೆ). ಪಂಚಾಂಗ ತೆಗೆಸಿ, ರಾಹುಕಾಲ ಯಾವಾಗ ಅಂತ ಹುಡುಕಿ, ಬೇಕೆಂದೇ ಅದೇ ಹೊತ್ತಿಗೆ ಸುನಂದಮ್ಮನ ಕೊರಳಿಗೆ ಹಾರ ಹಾಕಿ ಮದುವೆಯಾದವನು.

"ಆವತ್ತು ರಾಹು ಎಲ್ಲೋ ಬೇರೆ ಕಡೆ ಹೋಗಿದ್ದ. ಬಂದಿದ್ರೆ ನಾನು ಬಚಾವಾಯ್ತಿದ್ದೆ" ಎಂದು ಸುನಂದಮ್ಮ ಈಗಲೂ ಹೇಳುತ್ತಾಳೆ.

ಇಂಥ ಮಹಾ ಹೋರಾಟಗಾರನಿಗೆ ಅಂಟಿಕೊಂಡ ರೋಗ ನಾಣ್ಯದ್ದು. ಅದೂ ಎಂಥ ನಾಣ್ಯ? ಹಿಂದೆ ಒಮ್ಮೆ, ಪರದೇಶದ ರೈತರ ಜೊತೆ ಸೇರಿ ಧಿಕ್ಕಾರ ಕೂಗಿ ಬರಲಿ ಎಂದು ರೈತ ಸಂಘದವರು ಇವನನ್ನು ವಿಮಾನ ಹತ್ತಿಸಿದ್ದರು. ಅಲ್ಲಿ ಮೆರವಣಿಗೆಯ ನಡುವೆ ಮಳೆ ಹಿಡಿದುಕೊಂಡಿತು. ಒಳಗೆ ಬಿಡಲು ಕಾಸು ಕೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಒಂದು ಮ್ಯೂಸಿಯಮ್ಮಿಗೆ ನುಗ್ಗಿದರು. ಉಳಿದವರು ಕಕ್ಕಸು ಹುಡುಕಿಕೊಂಡು ಹೋದರೆ ಮಹದೇವಪ್ಪ ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಂತ. ನಿಂತವನು ನಿಂತೇ ಬಿಟ್ಟ. ತೊಗರಿಬೇಳೆಯಷ್ಟು ಅಗಲದ ಹಳದಿ ಬಿಲ್ಲೆ; ಆ ಬೇಳೆಯ ಮೇಲೆ ಬಾಯಿ ತೆರೆದ ಒಂದು ಸಿಂಹ, ಅದರ ಹಲ್ಲು ಕೂಡ ಕಾಣುತ್ತಿದೆ! ಎರಡೂವರೆ ಸಾವಿರ ವರ್ಷದ ಹಿಂದೆ, ಕಡಲ ದಂಡೆಯ ಊರುಗಳಲ್ಲಿದ್ದ ಗ್ರೀಕರು ಕುಟ್ಟಿದ ನಾಣ್ಯವಂತೆ. ಚಿನ್ನವೂ ಬೆಳ್ಳಿಯೂ ಒಂದರೊಳಗೊಂದು ಬೆರೆತ ಲೋಹ. ಎಲೆಕ್ಟ್ರಮ್ ಅಂತ ಹೆಸರು. ಲೋಕದಲ್ಲಿ ದುಡ್ಡು ಎಂಬ ಪೀಡೆ ಹುಟ್ಟಿದಾಗ ಅದರ ಎಳೆಗೂಸಿನ ಮುಖ ಹೀಗಿತ್ತು.

ಬಂಡವಾಳಶಾಹಿಯ ಬೇರನ್ನೇ ಕಿತ್ತು ಒಗೆಯುತ್ತೇವೆ ಎಂದು ಊರೂರು ಸುತ್ತಿ ಕೂಗಿದವನು ಆ ಬೇರಿನ ಮೇಲೇ ಮೋಹಗೊಂಡು ಊರಿಗೆ ಬಂದ.

ಮೋಹ ಬಹಳ ಕಾಲ ಬರೀ ಮೋಹವಾಗಿಯೇ ಇತ್ತು. ಆಮೇಲೆ ಅಂಗೈಗೆ ಫೋನು ಬಂತು, ಫೋನಿನೊಳಗೆ ನಾಣ್ಯದ ಹರಾಜು ಬಂತು. ಹೊಗೆಸೊಪ್ಪಿನ ಹರಾಜಿನಲ್ಲಿ ಮಾರುವವನಾಗಿ ನಿಂತು ನಿಂತು ಸಾಕಾಗಿದ್ದ ಮಹದೇವಪ್ಪನಿಗೆ ಕೊಳ್ಳುವವನಾಗಿ ಕೂರುವ ಸುಖ ಸಿಕ್ಕಿತು. ಮೂರು ನಾಣ್ಯ ತರಿಸಿದ. ಒಂದರಲ್ಲಿ ಸಿಂಹದ ತಲೆ, ಒಂದರಲ್ಲಿ ಮೀನಿನ ತಲೆ, ಮತ್ತೊಂದರಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸು. ಮೂರನ್ನೂ ತೊಳೆದ ಸುಣ್ಣದ ಡಬ್ಬಿಯಲ್ಲಿಟ್ಟು, ಸಂಜೆ ಹೊತ್ತು ಭೂತಗನ್ನಡಿ ಹಿಡಿದು ಕೂತನೆಂದರೆ ಹಟ್ಟಿಯಲ್ಲಿ ಎಮ್ಮೆ ಕರು ಹಾಕಿದರೂ ಕೇಳಿಸುತ್ತಿರಲಿಲ್ಲ.

"ಎಷ್ಟು ಕೊಟ್ರಿ ಈ ಬೊಟ್ಟಿಗೆ?" ಎಂದು ಸುನಂದಮ್ಮ ಕೇಳಿದ್ದಳು.

"ಐನೂರು" ಎಂದಿದ್ದ ಮಹದೇವಪ್ಪ.

ನಿಜ ಹೇಳಬೇಕೆಂದರೆ ಒಂದೊಂದು ಬೊಟ್ಟೂ ಒಂದೊಂದು ಬ್ಯಾರನ್ ತುಂಬ ಬೇಯಿಸಿದ ಹೊಗೆಸೊಪ್ಪನ್ನು ನುಂಗಿತ್ತು. ಆ ವರ್ಷ ಸೊಪ್ಪಿಗೆ ಗ್ರೇಡೇ ಸಿಗಲಿಲ್ಲ ಎಂದು ಅವನು ಹೆಂಡತಿಗೆ ಲೆಕ್ಕ ಒಪ್ಪಿಸಿದ್ದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡೀರಿ, ಹರಾಜುಕಟ್ಟೆ ಮುಂದೆ ಧರಣಿ ಕೂರವ, ನಾನೂ ಬತ್ತೀನಿ" ಎಂದಾಗ, ಜೀವಮಾನದಲ್ಲಿ ಮೊದಲ ಸಲ ಮಹದೇವಪ್ಪ ಒಂದು ಧರಣಿಯನ್ನು ಬೇಡವೆಂದ.

ಇಷ್ಟರಲ್ಲಿ ಹಳೆಯ ಮನೆಯ ಪಕ್ಕದಲ್ಲೇ ಹೊಸ ಮನೆ ಏಳತೊಡಗಿತು. ಮುಂಬಾಗಿಲು ನಿಲ್ಲಿಸುವ ದಿನ ಪೂಜೆ ಇಟ್ಟುಕೊಳ್ಳುತ್ತೇನೆಂದು ಸುನಂದಮ್ಮ ಹೇಳಿದಳು. ಹಾಗಾದರೆ ನಾನಿರುವುದಿಲ್ಲ ಎಂದು ಮಹದೇವಪ್ಪ ಹೇಳಿದ. ತತ್ವ ಎಂದರೆ ತತ್ವ. ಬೆಳಿಗ್ಗೆಯೇ ಬಸ್ಸು ಹತ್ತಿ ಹ್ಯಾಂಡ್‌ಪೋಸ್ಟ್ ಎಂಬ ಊರಿಗೆ ಹೋಗಿ, ಹಳೆಯ ಸಂಗಾತಿ ಗೋವಿಂದಯ್ಯನ ಜೊತೆ ಟೀ ಅಂಗಡಿಯಲ್ಲಿ ಕೂತು, ಮೌಢ್ಯವು ಈ ನಾಡನ್ನು ಹೇಗೆ ಹಾಳು ಮಾಡುತ್ತಿದೆ ಎಂದು ಸಂಜೆಯವರೆಗೆ ಮಾತಾಡಿ ಬಂದ. ಬಂದು ಕೈಕಾಲು ತೊಳೆದು ಡಬ್ಬಿ ತೆರೆದ. ಮೀನು ಇತ್ತು. ಹೆಂಗಸು ಇದ್ದಳು.

"ಸುನಂದಾ! ಸಿಂಹ ಎಲ್ಲಿ?"

"ಯಾವ ಸಿಂಹ?"

"ಡಬ್ಬಿ ಒಳಗಿತ್ತಲ್ಲ, ಬಾಯಿ ಬುಟ್ಕಂಡು!"

"ಓ, ಆ ಬೊಟ್ಟಾ? ಹೊಸ್ಲು ಕೆಳೀಕೆ ಹಾಕ್ದೆ."

ಮಹದೇವಪ್ಪನ ಬಾಯಿ ಈಗ ಆ ಸಿಂಹದ ಬಾಯಿಯಂತೆಯೇ ಆಯಿತು.

"ಅಂಗ್ಯಾಕೆ ನೋಡ್ತೀರಿ? ಬಾಗ್ಲು ನಿಲ್ಸುವಾಗ ಹೊಸ್ಲು ಕೆಳೀಕೆ ಒಂಚೂರು ಚಿನ್ನ, ಒಂಚೂರು ಬೆಳ್ಳಿ ಹಾಕ್ಬೇಕು. ಚಿನ್ನದ ರೇಟು ಕೇಳಂಗದಾ ಈಗ? ಇದ್ರೊಳಗೆ ಚಿನ್ನಾನೂ ಅದೆ, ಬೆಳ್ಳೀನೂ ಅದೆ ಅಂತ ನೀವೇ ಅಲ್ವಾ ದಿನಾ ಪುರಾಣ ಹೇಳ್ತಿದ್ದುದು? ಐನೂರು ರೂಪಾಯಲ್ಲಿ ಎರಡು ಕೆಲ್ಸ ಆಯ್ತು. ನನ್ ಮೂಗ್ಬೊಟ್ಟು ಉಳೀತು."

"ಅದು ಎರಡೂವರೆ ಸಾವಿರ ವರ್ಷದ್ದು ಕಣೇ!"

"ಅಂಗಾರೆ ಇನ್ನೂ ಒಳ್ಳೇದೇ ಆಯ್ತು ಬುಡಿ. ಹಳೇ ಕಾಲದ್ದು ಗಟ್ಟಿ ಇರ್ತದೆ."

"ಇತಿಹಾಸ ಅದು! ಮನುಷ್ಯ ಕುಲದ ಇತಿಹಾಸ!"

"ಐನೂರು ರೂಪಾಯಿ ಇತಿಹಾಸಕ್ಕೆ ಇಂಗ್ಯಾಕೆ ಎದೆ ಬಡ್ಕತೀರಿ?" ಸುನಂದಮ್ಮ ಸೌಟು ಕೆಳಗಿಟ್ಟಳು. ಸೌಟು ಕೆಳಗಿಟ್ಟು ಮಾತಾಡಿದಳೆಂದರೆ ಅದು ವಿಚಾರಣೆ. "ಐನೂರೇ ತಾನೆ?"

ಲಾಠಿಗೆ ಹೆದರದವನು ಸೌಟಿಗೆ ಹೆದರಿದ.

"ಐನೂರೇ."

ಮಹದೇವಪ್ಪ ಸಿಕ್ಕಿಬಿದ್ದದ್ದು ಹೀಗೆ. ನಾಣ್ಯಕ್ಕೆ ಬೆಲೆಯಿದೆ ಎಂದರೆ ಸೊಪ್ಪಿನ ದುಡ್ಡು ಎಲ್ಲಿ ಹೋಯಿತೆಂದು ಬಯಲಾಗುತ್ತದೆ. ಬೆಲೆಯಿಲ್ಲ ಎಂದರೆ ಹೊಸ್ತಿಲು ಕೀಳುವುದಕ್ಕೆ ಕಾರಣವಿಲ್ಲ. ಮಾರನೆಯ ದಿನ ಹಾರೆ ಹಿಡಿದುಕೊಂಡು ಹೊಸ ಮನೆಯ ಹತ್ತಿರ ಸುಳಿದಾಡಿದ. ಗಾರೆ ಕೆಲಸದ ಕುಮಾರ್ ಬಂದು ಹಾರೆ ಕಸಿದುಕೊಂಡ. "ಸಿಮೆಂಟು ಇನ್ನೂ ಹಸೀದು ಕಣಣ್ಣ. ನೀವು ನೀರು ಹಾಕಿ ಸಾಕು" ಎಂದು ಕೈಗೆ ಪೈಪು ಕೊಟ್ಟ. ತನ್ನ ಸಿಂಹದ ಗೋರಿಗೆ ತಾನೇ ಎರಡು ಹೊತ್ತು ನೀರು ಹಾಕಿ ಗಟ್ಟಿ ಮಾಡುವ ಗತಿ ಮಹದೇವಪ್ಪನಿಗೆ ಬಂತು.

ನೀರು ಹಾಕುತ್ತಿರುವಾಗಲೇ ಆ ಅದ್ಭುತ ಉಪಾಯ ಹೊಳೆದದ್ದು. ಮಾತಿಗೆ ಬಗ್ಗದ ಹೊಸ್ತಿಲು ಶಾಸ್ತ್ರಕ್ಕೆ ಬಗ್ಗಲೇಬೇಕು!

ಪಿರಿಯಾಪಟ್ಟಣದಲ್ಲಿ ಬಾಗಿಲು ಅಳೆದು ಅದರ ಆಯ, ಎಂದರೆ ಶುಭಾಶುಭ, ನೋಡುವ ಶಿವಶಂಕರ್ ಎಂಬವರಿದ್ದರು. ಇವರ ಮನೆಯ ಮುಂದೆಯೇ ಮಹದೇವಪ್ಪ ಹಿಂದೊಮ್ಮೆ ಪಂಚಾಂಗ ಸುಟ್ಟು ಮುಕ್ಕಾಲು ಗಂಟೆ ಭಾಷಣ ಬಿಗಿದಿದ್ದ. ಈಗ ಹಸಿರು ಟವಲನ್ನು ಮಡಿಸಿ ಜೇಬಿಗೆ ತುರುಕಿಕೊಂಡು ಅದೇ ಮನೆಯ ಮೆಟ್ಟಿಲು ಹತ್ತಿದ.

"ಬನ್ನಿ ಬನ್ನಿ" ಎಂದರು ಶಿವಶಂಕರ್. "ಇವತ್ತು ಬೆಂಕಿಪೊಟ್ಟಣ ತಂದಿಲ್ವಾ?"

ಮಹದೇವಪ್ಪ ಆ ಏಟನ್ನು ನುಂಗಿಕೊಂಡು ವಿಷಯಕ್ಕೆ ಬಂದ. "ನಮ್ಮನೆ ಬಾಗ್ಲು ಎರಡು ಗೇಣು ಪಕ್ಕಕ್ಕೆ ಸರೀಬೇಕು ಅಂತ ನೀವು ಬಂದು ಹೇಳ್ಬೇಕು. ಅಷ್ಟೇ."

"ಯಾಕೆ?"

"ಅದೆಲ್ಲ ಕೇಳ್ಬ್ಯಾಡಿ."

"ಅಂಗಂದ್ರೆ ಸುಳ್ಳು ಹೇಳು ಅಂತೀರಿ."

"ಇಷ್ಟು ವರ್ಷ ಇನ್ನೇನ್ ಹೇಳ್ತಿದ್ರಿ ಮತ್ತೆ?"

ಶಿವಶಂಕರ್ ನಕ್ಕುಬಿಟ್ಟರು. ಬರುತ್ತೇನೆಂದು ಒಪ್ಪಿದರು.

ಅವರು ಬಂದ ದಿನ ಊರೇ ನೆರೆಯಿತು. ಮಹದೇವಪ್ಪ ಆಯ ಕೇಳಿಸುತ್ತಾನಂತೆ ಎಂಬ ಸುದ್ದಿ ಸರ್ಕಾರ ಸಾಲ ಮನ್ನಾ ಮಾಡಿದ ಸುದ್ದಿಗಿಂತ ಬೇಗ ಹರಡಿತ್ತು. ಹ್ಯಾಂಡ್‌ಪೋಸ್ಟಿನಿಂದ ಗೋವಿಂದಯ್ಯ ಬಸ್ಚಾರ್ಜು ಕೊಟ್ಟುಕೊಂಡು ಬಂದಿದ್ದ. ಮೌಢ್ಯದ ಮೇಲೆ ಸಂಜೆವರೆಗೆ ಕೇಳಿದ ಉಪನ್ಯಾಸ ಇನ್ನೂ ಅವನ ಕಿವಿಯಲ್ಲಿ ಬಿಸಿಯಾಗಿತ್ತು.

"ಏನಣ್ಣೋ, ವಿಚಾರವಾದದ ಬಾಗ್ಲು ಯಾವ ದಿಕ್ಕಿಗೆ ಬಂದ್ರೆ ಒಳ್ಳೇದು?"

"ಸುಮ್ನಿರ್ಲಾ. ಹೆಂಗಸರ ಸಮಾಧಾನಕ್ಕೆ."

ಸುನಂದಮ್ಮನ ಕಿವಿ ಚುರುಕು. "ನನ್ ಹೆಸರು ಯಾಕ್ ಎತ್ತೀರಿ? ನಿಂತಿರೋ ಬಾಗ್ಲು ಕೀಳದು ಬ್ಯಾಡ ಅಂತ ನಾನು ಬಡ್ಕತಾ ಇವ್ನಿ. ಕೂತ್ರೆ ಆಯ, ನಿಂತ್ರೆ ಆಯ ಅಂತ ಇವ್ರೇ ಹಟ ಹಿಡ್ದವ್ರೆ!"

ಗೋವಿಂದಯ್ಯ ಮಹದೇವಪ್ಪನ ಕಡೆ ತಿರುಗಿ ಸುಮ್ಮನೆ ಕೈಮುಗಿದ. ಅದೇ ಹೆಚ್ಚು ಉರಿಯಿತು.

ಶಿವಶಂಕರ್ ಟೇಪು ಹಿಡಿದು ಅಳೆದರು, ಬೆರಳು ಮಡಿಚಿದರು, ಕಣ್ಣು ಮುಚ್ಚಿದರು. "ಆಯ ಕೆಟ್ಟದೆ ತಾಯಿ. ಇಂಗೇ ಬುಟ್ರೆ ಯಜಮಾನರ ಬುದ್ಧಿಗೆ ತೊಂದ್ರೆ."

"ಅದು ಬಾಗ್ಲು ನಿಲ್ಸಕ್ಕೆ ಮುಂಚೇಲಿಂದ್ಲೂ ಅದೆ ಸ್ವಾಮಿ" ಎಂದಳು ಸುನಂದಮ್ಮ. ಆದರೂ ದೊಡ್ಡವರ ಮಾತು ಎಂದು ಒಪ್ಪಿಕೊಂಡಳು.

ಕುಮಾರ್ ಮತ್ತು ಅವನ ಆಳುಗಳು ಬೈದುಕೊಂಡೇ ಚೌಕಟ್ಟು ಬಿಚ್ಚಿದರು. ಹೊಸ್ತಿಲು ಮೇಲೆದ್ದಿತು. ಮಹದೇವಪ್ಪ ಕಪ್ಪೆಗೆ ಹೊಂಚಿದ ಕೊಕ್ಕರೆಯಂತೆ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತ. ಸಿಮೆಂಟಿನ ಹೆಂಟೆ, ಮೊಳಕೆಯೊಡೆದ ನವಧಾನ್ಯ, ಅದರ ನಡುವೆ, ಅಯ್ಯೋ ನನ್ನಪ್ಪನೇ, ಹಳದಿ ಮಿಂಚು! ಹಲ್ಲು ಕಿರಿದುಕೊಂಡು ಸಿಂಹ ಅವನನ್ನೇ ನೋಡುತ್ತಿತ್ತು. ಕೈ ಚಾಚಿದ.

"ಕೈ ಎತ್ತಿ!" ಎಂದು ಶಿವಶಂಕರ್ ಗರ್ಜಿಸಿದರು. "ಭೂಮ್ತಾಯಿ ಮಡ್ಲಿಗೆ ಹಾಕಿದ್ದನ್ನ ವಾಪಸ್ ಕಿತ್ಕಳಕ್ಕಾಯ್ತದಾ? ಅಲ್ಲೇ ಮುಚ್ಚಿ ಅದನ್ನ. ಹೊಸ ಜಾಗಕ್ಕೆ ಹೊಸದೇ ಬೀಳ್ಬೇಕು. ಮೊದ್ಲು ಏನು ಹಾಕಿದ್ರಿ ತಾಯಿ?"

"ಚಿನ್ನ ಬೆಳ್ಳಿ ಎರಡೂ ಒಂದ್ರಲ್ಲೇ ಇರೋ ಬೊಟ್ಟು ಸ್ವಾಮಿ."

"ಅಂಗಾರೆ ಈಗ್ಲೂ ಅದೇ ಜಾತೀದು ಹಾಕಿ. ಮೊದ್ಲು ಮೇಲಾದ್ದು ಕೊಟ್ಟು ಆಮೇಲೆ ಕೀಳಾದ್ದು ಕೊಟ್ರೆ ತಾಯಿ ಮುನೀತಾಳೆ."

ಮಹದೇವಪ್ಪ ಅವರ ತೋಳು ಹಿಡಿದು ಮರಳಿನ ಗುಡ್ಡೆಯ ಹಿಂದಕ್ಕೆ ಎಳೆದುಕೊಂಡು ಹೋದ. "ಏನ್ರೀ ಇದು? ಇದು ಮಾತಾಗಿರ್ಲಿಲ್ಲ!"

"ಬಾಗ್ಲು ಸರಿಸಿ ಅನ್ನೋದು ನೀವು ಹೇಳ್ಕೊಟ್ಟ ಸುಳ್ಳು. ಒಪ್ಕಂಡಿದ್ದೆ, ಹೇಳ್ದೆ" ಎಂದರು ಶಿವಶಂಕರ್ ಶಾಂತವಾಗಿ. "ಇದು ಶಾಸ್ತ್ರ. ಇದ್ರಲ್ಲಿ ಸುಳ್ಳು ಹೇಳಕ್ಕೆ ನನ್ ಮನಸ್ಸು ಒಪ್ಪಲ್ಲ."

ಅಷ್ಟರಲ್ಲಿ ಸುನಂದಮ್ಮ ಸುಣ್ಣದ ಡಬ್ಬಿಯನ್ನೇ ಅರಿಶಿನ ಕುಂಕುಮದ ತಟ್ಟೆಯಲ್ಲಿಟ್ಟುಕೊಂಡು ಬಂದಿದ್ದಳು. "ಮೀನು ಹಾಕದಾ ಸ್ವಾಮಿ, ಹೆಂಗಸು ಹಾಕದಾ?"

"ಮೀನು" ಎಂದು ಮಹದೇವಪ್ಪ ಕೂಗಿದ. ಹೆಂಗಸು ಮೂರರಲ್ಲೂ ದುಬಾರಿ.

"ಬಾಗಿಲಿಗೆ ಮೀನಾ? ಥೂ. ಹೆಣ್ದೇವ್ರು ಹಾಕಿ. ಯಜಮಾನ್ರ ಕೈಯಿಂದ್ಲೇ ಬೀಳ್ಲಿ" ಎಂದರು ಶಿವಶಂಕರ್.

ಊರು ನೋಡುತ್ತಿತ್ತು, ಗೋವಿಂದಯ್ಯ ಫೋನಿನಲ್ಲಿ ಫೋಟೋ ಹಿಡಿಯುತ್ತಿದ್ದ. ಮಹದೇವಪ್ಪ ಆ ಹೆಂಗಸನ್ನು ಅಂಗೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡ. ಹೆಣ್ಣು ಒಪ್ಪಿಸಿಕೊಡುವ ತಂದೆಯ ಮುಖ ಮಾಡಿಕೊಂಡು ಗುಂಡಿಗೆ ಬಿಟ್ಟ. ಸದ್ದು ಕೂಡ ಆಗಲಿಲ್ಲ. ಆಗಲು ಅದರಲ್ಲಿ ತೂಕವೆಲ್ಲಿತ್ತು? ಕುಮಾರ್ ಇದನ್ನೇ ಕಾಯುತ್ತಿದ್ದವನಂತೆ ಒಂದು ಬಾಂಡಲಿ ಕಾಂಕ್ರೀಟನ್ನು ಅದರ ಮೇಲೆ ಸುರಿದ. ಪಕ್ಕದ ಹಳೆಯ ಗುಂಡಿಗೆ ಇನ್ನೊಂದು ಬಾಂಡಲಿ.

ಇಷ್ಟಕ್ಕೇ ಮುಗಿದಿದ್ದರೆ ಮಹದೇವಪ್ಪ ಎರಡು ದಿನ ಮುಸುಕು ಹೊದ್ದು ಮಲಗಿ ಮೇಲೇಳುತ್ತಿದ್ದನೋ ಏನೋ. ಆದರೆ ಪಾಯಸ ಕುಡಿಯುತ್ತ ಕೂತಿದ್ದ ಹೆಂಗಸರಲ್ಲಿ ಪಕ್ಕದ ಮನೆಯ ಕಾವ್ಯಶ್ರೀ ಕೇಳಿದಳು.

"ಅಕ್ಕ, ಎರಡೂ ಒಂದ್ರಲ್ಲೇ ಇರೋ ಆ ಬೊಟ್ಟು ಎಲ್ಲಿ ಸಿಗ್ತದೆ? ನಮ್ಮದೂ ಮುಂದಿನ ತಿಂಗಳು ಬಾಗ್ಲು ನಿಲ್ಸಬೇಕು."

"ಅಂಗಡೀಲಿ ಸಿಗಲ್ಲ ಕಣವ್ವ. ನಮ್ಮೆಜಮಾನ್ರೇ ತರ್ಸೋದು, ಹೊರ್ಗಿಂದ. ಐನೂರೇ ರೂಪಾಯಿ!"

"ಐನೂರಾ!" ಅಲ್ಲಿದ್ದ ಹೆಂಗಸರೆಲ್ಲ ಪಾಯಸದ ಲೋಟ ಕೆಳಗಿಟ್ಟರು. ನಮಗೊಂದು, ನಮ್ಮ ಮಗಳ ಮನೆಗೊಂದು, ಪಿರಿಯಾಪಟ್ಟಣದ ನಾದಿನಿಗೊಂದು ಎಂದು ಕೂಗು ಎದ್ದಿತು. ಕುಪ್ಪಸದೊಳಗಿನ ಪರ್ಸುಗಳು ಹೊರಬಂದವು.

ಸುನಂದಮ್ಮ ಗಂಡನ ಕಡೆ ತಿರುಗಿದಳು. "ಮೂವತ್ತೈದು ವರ್ಷದಲ್ಲಿ ಇವ್ರು ಮನೆಗೆ ತಂದಿದ್ದೆಲ್ಲ ಬರೀ ಕೇಸು ಕಣ್ರವ್ವ. ಸುಳ್ಳು ಯಾಕೆ ಹೇಳ್ಲಿ, ಇದೊಂದು ಯಾಪಾರ ಮಾತ್ರ ಬುದ್ಧಿವಂತ್ರಂಗೆ ಮಾಡವ್ರೆ" ಎಂದಳು. ಎಲ್ಲರೆದುರು ಹೇಳಿದಳು. ಹೇಳುವಾಗ ಅವಳ ಮುಖ ಅರಳಿತ್ತು. ಮೈಕು ಹಿಡಿದು ಹತ್ತು ಸಾವಿರ ಜನರನ್ನು ಎಬ್ಬಿಸಿ ನಿಲ್ಲಿಸಿದಾಗಲೂ ಮಹದೇವಪ್ಪ ಅವಳ ಮುಖ ಹಾಗೆ ಅರಳಿದ್ದನ್ನು ಕಂಡಿರಲಿಲ್ಲ.

ನಿಜ ಹೇಳಿಬಿಡೋಣ ಎಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಐನೂರರ ನೋಟುಗಳ ಒಂದು ಕಂತೆ ಅವನ ಅಂಗೈಗೆ ಬಂದು ಕೂತಿತು. ಕಾವ್ಯಶ್ರೀ ಮುಂದಿನ ತಿಂಗಳೊಳಗೇ ಬೇಕು ಎಂದಳು.

ಮಹದೇವಪ್ಪ ತೆರೆದ ಬಾಯಿಯನ್ನು ಮುಚ್ಚಿದ. ಮತ್ತೆ ತೆರೆದ.

"ಎಲ್ರಿಗೂ ಹೆಣ್ದೇವ್ರೇ ಆಗ್ಬೇಕಾ," ಎಂದು ಕೇಳಿದ, "ಇಲ್ಲ, ಯಾರಿಗಾರ ಮೀನಾದ್ರೂ ನಡೀತದಾ?"