ಲೆನ್ಸ್ ಉದ್ದವಾದಷ್ಟೂ ಅನುಮಾನ

ಕ್ಯಾಮೆರಾ ಹಿಡಿದು ಮದುವೆಗೆ ಹೋದರೆ ಜನ ಕುರ್ಚಿ ಹಾಕಿ ಕೂರಿಸುತ್ತಾರೆ. ಅದನ್ನೇ ಹಿಡಿದು ಹಕ್ಕಿಯ ಹಿಂದೆ ಹೋದರೆ, ಯಾರಿವನು ಅಂತ ನಮ್ಮ ಹಿಂದೆ ಬರುತ್ತಾರೆ. ಚಿತ್ರದುರ್ಗದಲ್ಲಿ ಸ್ಟುಡಿಯೊ ಇಟ್ಟುಕೊಂಡು, ಭಾನುವಾರ ಹಕ್ಕಿ ಫೋಟೊದ ಗೀಳು ಹತ್ತಿಸಿಕೊಂಡ ನನಗೆ ಎಪ್ಪತ್ತರ ದಶಕ ಪೂರ್ತಿ ಇದೇ ಪಾಡು.

ಐವತ್ತು ಎಂಎಂ

ಮೊದಲು ನನ್ನಲ್ಲಿದ್ದದ್ದು ಮದುವೆಗೆ ಬಳಸುವ ಐವತ್ತು ಎಂಎಂ ಲೆನ್ಸ್ ಒಂದೇ. ಕೋಟೆಯ ಬಂಡೆ ಮೇಲೆ ಕೂತಿದ್ದ ಗಿಡುಗನನ್ನು ಅದರಲ್ಲೇ ತೆಗೆದು, ಪ್ರಿಂಟ್ ಹಾಕಿ, ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ. ಅವಳು ಕಿಟಕಿ ಬೆಳಕಿಗೆ ಹಿಡಿದಳು.

"ಹಕ್ಕಿ ಎಲ್ಲೈತೆ?"

"ಅಗೋ, ಚುಕ್ಕಿ ಥರ."

"ಚುಕ್ಕಿ ಕೆಳಗೆ ಜಡೆ ತುಂಬ ಮಲ್ಲಿಗೆ ಮುಡ್ಕಂಡು ಕುಂತಾಳಲ್ಲ, ಅವಳು ಮಾತ್ರ ಚೆನ್ನಾಗಿ ಕಾಣ್ತಾಳೆ. ಯಾರ್ರಿ ಅವಳು?"

ಕೋಟೆ ನೋಡಲು ಬಂದ ಯಾರೋ. ನಾನು ಗಮನಿಸಿಯೇ ಇರಲಿಲ್ಲ; ಹೇಳಿದರೆ ನಂಬಬೇಕಲ್ಲ! ಈ ಲೆನ್ಸ್ ಸಾಲದು, ದೂರ ಇರೋದನ್ನ ಹತ್ತಿರ ತರೋ ಲೆನ್ಸ್ ಬೇಕು ಎಂದೆ.

"ಹತ್ರ ತರ್ತೀರಾ? ಯಾರನ್ನ?"

ಇನ್ನೂರು ಎಂಎಂ

ಬೆಂಗಳೂರಿನಿಂದ ಹಳೆಯದೊಂದು ಇನ್ನೂರು ಎಂಎಂ ತರಿಸಿ, ಹಿರಿಯೂರು ಕಡೆಯ ಕೆರೆಯೊಂದಕ್ಕೆ ಹೋದೆ. ನೀರಂಚಿನ ಬೆಳ್ಳಕ್ಕಿಗಳಿಗೆ ಹೇಳಿ ಮಾಡಿಸಿದ ಲೆನ್ಸು. ಆದರೆ ಪಾಕಿಸ್ತಾನದ ಜೊತೆ ಯುದ್ಧ ಮುಗಿದ ಹೊಸದು. ಎಲ್ಲರ ಕಣ್ಣಿಗೂ ಎಲ್ಲರೂ ಗೂಢಚಾರರೇ. ಮೀನು ಕಾಯುವವನು ಹಿಂದಿನಿಂದ ಬಂದು ಕಾಲರ್ ಹಿಡಿದ.

"ಯಾವ ದೇಶದೋನು?"

"ದುರ್ಗದೋನು."

"ದುರ್ಗದೋನಿಗೆ ಇಷ್ಟುದ್ದದ್ದು ಯಾಕೆ?"

ಹತ್ತಿರ ಹೋದರೆ ಹಕ್ಕಿ ಹಾರಿಹೋಗ್ತವೆ, ಬೇಕಾದರೆ ನೀವೇ ನೋಡ್ರಿ ಎಂದು ಕ್ಯಾಮೆರಾ ಕೊಟ್ಟೆ. ಅವನು ಆಚೆ ದಡವನ್ನೇ ನೋಡುತ್ತಾ ನಿಂತ. ನೋಡ್ತಾ ನೋಡ್ತಾ ಮುಖ ಬಿಗಿಯಿತು.

"ಕಾವಲು ಕಾಯ್ತೀನಿ ಅಂತ ಹೋದ ನಮ್ಮ ಭಾವಮೈದ ಹುಣಸೆಮರದಡಿ ಮಲಿಕ್ಕಂಡವ್ನೆ!"

ಆಮೇಲೆ ಬಲು ಮರ್ಯಾದೆಯಿಂದ ಹೇಳಿದ: "ಸ್ವಾಮಿ, ನೀವು ಹೊರಡ್ರಿ. ಇದು ಇಲ್ಲೇ ಇರ್ಲಿ."

ನಾನೂರು ಎಂಎಂ

ಹೇಗೋ ಅವನ ಕೈಯಿಂದ ಬಿಡಿಸಿಕೊಂಡು ಬಂದೆ. ಆದರೆ ಕೌಜುಗದ ಮುಂದೆ ಇನ್ನೂರೂ ಸೋತಿತು. ನಮ್ಮ ನೆರಳು ಕಂಡರೆ ಪೊದೆ ಸೇರುವ ಜಾತಿಯ ಹಕ್ಕಿ ಅದು. ಮೊಳದುದ್ದದ ನಾನೂರು ಎಂಎಂ ಹೊತ್ತು ಹೊಸದುರ್ಗದ ಶ್ರೀರಾಂಪುರದ ಕಡೆಗೆ ಹೋಗಿ, ಕುರುಚಲು ಗಿಡದ ಮರೆಯಲ್ಲಿ ಬೋರಲು ಮಲಗಿದೆ. ಊರೂರಿಗೆ ಜೀಪು ಬಂದು, ಸಿಕ್ಕ ಗಂಡಸರನ್ನು ಸಂತಾನ ನಿಯಂತ್ರಣದ ಆಪರೇಷನ್‌ಗೆ ಹತ್ತಿಸಿಕೊಂಡು ಹೋಗುತ್ತಿದ್ದ ಕಾಲ. ತಲೆ ಎತ್ತಿದರೆ ಸುತ್ತಲೂ ಕುರಿ ಕಾಯುವವರು, ಕೈಯಲ್ಲಿ ದೊಣ್ಣೆ.

"ಯಾತಕ್ಕೆ ಬಂದಿ?" ಎಂದ ಒಬ್ಬ.

"ಕೌಜುಗಕ್ಕೆ, ಅಣ್ಣ."

"ಸುಳ್ಳು. ಏನದು ಕೈಯಾಗೆ?"

ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಹೇಳಿದೆ. "ಇದಿದ್ರೆ ಹತ್ರ ಹೋಗೋದೇ ಬ್ಯಾಡ. ದೂರದಿಂದ್ಲೇ ಕೆಲಸ ಮುಗೀತೈತೆ. ಚೂರೂ ನೋವಾಗಲ್ಲ. ಟಕ್ ಅನ್ನೋದ್ರೊಳಗೆ ಆಗಿಹೋಗಿರ್ತೈತೆ."

ಮುಂದಿದ್ದವನು ಎರಡು ಹೆಜ್ಜೆ ಹಿಂದೆ ಸರಿದು ಕೂಗಿದ.

"ಓಡ್ರಲೇ! ದೂರದಿಂದ್ಲೇ ಆಪರೇಷನ್ ಮಾಡೋ ಮಿಷನ್ ಬಂದೈತೆ!"

ಕುರಿ ಬಿಟ್ಟು, ದೊಣ್ಣೆ ಬಿಟ್ಟು ಓಡಿದರು. ಆ ಗದ್ದಲಕ್ಕೆ ಕೌಜುಗಗಳೂ ಹಾರಿಹೋದವು. ವಯಸ್ಸಾದ ಒಬ್ಬ ಅಜ್ಜ ಮಾತ್ರ ನಿಂತೇ ಇದ್ದ.

"ನೀವ್ಯಾಕಜ್ಜ ಓಡ್ಲಿಲ್ಲ?"

"ನಂಗಾಗ್ಲೇ ಮಾಡಿ ಕಳ್ಸವ್ರೆ" ಎಂದು ಮೆಲ್ಲಗೆ ಕಲ್ಲಿನ ಮೇಲೆ ಕೂತ. ಕೌಜುಗ ಹಾರಿದ ದಿಕ್ಕು ನೋಡಿದ, ನನ್ನನ್ನು ನೋಡಿದ.

"ಅಲ್ಲ ಸ್ವಾಮಿ, ನಮ್ಮನ್ನಂತೂ ಬಿಡ್ಲಿಲ್ಲ. ಈಗ ಹಕ್ಕಿಗೂ ಬಂದ್ರಾ?"